ವೇಪ್ ಕಾಯಿಲ್ ಸುತ್ತೋಕೆ ಸರಿಯಾದ ಟೂಲ್ ಸಿಕ್ಕಿದ್ದು ಹೀಗೆ

ಇಂಗ್ಲೆಂಡಿಗೆ ಬಂದ ಮೇಲೆ ಸಿಗರೇಟು ಬಿಟ್ಟು ವೇಪ್ (ದ್ರವ ಕಾಯಿಸಿ ಆವಿ ಎಳೆಯುವ ಇ-ಸಿಗರೇಟು) ಹಿಡಿದೆ. (ಭಾರತದಲ್ಲಿ 2019ರಿಂದ ಇದರ ಮಾರಾಟ, ಆಮದು ಎರಡೂ ನಿಷೇಧ. ಊರಿಗೆ ಹೋಗುವಾಗ ಬ್ಯಾಗಿಗೆ ಹಾಕಬೇಡಿ.) ಅದರೊಳಗೆ ದ್ರವ ಕಾಯಿಸುವ ತಂತಿ ಸುರುಳಿ, ಅಂದ್ರೆ ಕಾಯಿಲ್, ನಾನೇ ಸುತ್ತುತ್ತೇನೆ, 26 ಗೇಜ್ (ದಪ್ಪದ ಅಳತೆ) ಕಾಂತಲ್ ಅನ್ನೋ ಶಾಖ ತಡೆಯುವ ಮಿಶ್ರಲೋಹದ ತಂತಿಯಲ್ಲಿ.

ಮೊದಲು ಸಣ್ಣ ಸ್ಕ್ರೂಡ್ರೈವರ್ ಮೇಲೆ ಸುತ್ತುತ್ತಿದ್ದೆ. ಬಟನ್ ಒತ್ತಿದರೆ ಒಂದು ಸುತ್ತು ಮಾತ್ರ ಕೆಂಡದ ಹಾಗೆ ಕೆಂಪಗಾಗೋದು, ಉಳಿದದ್ದು ಕಪ್ಪಗೇ ಇರೋದು. ದ್ರವ ಹೀರೋಕೆ ಕಾಯಿಲ್ ಒಳಗೆ ಹಾಕುವ ಹತ್ತಿ ಸುಟ್ಟ ವಾಸನೆ ಗಂಟಲಿಗೇ ಹೊಡೆಯೋದು. ಆಮೇಲೆ ಗಮನಿಸಿದೆ, ಆ ಸ್ಕ್ರೂಡ್ರೈವರ್ ತುದಿಗೆ ಹೋಗ್ತಾ ಸಣ್ಣಗಾಗುತ್ತೆ. ಸುತ್ತುಗಳು ಒಂದೇ ಅಳತೆಗೆ ಬರೋದಾದ್ರೂ ಹೇಗೆ, ಅಲ್ವಾ?

3 ಮಿ.ಮೀ. ಡ್ರಿಲ್ ಬಿಟ್ ತಗೊಂಡು, ಅದರ ನುಣುಪಾದ ಹಿಂಭಾಗದ ಮೇಲೆ ತಂತಿ ಬಿಗಿಯಾಗಿ ಎಳೆದು ಆರು ಸುತ್ತು ಹಾಕಿದೆ. ಅದರ ರೆಸಿಸ್ಟೆನ್ಸ್ ಸುಮಾರು 0.8 ಓಮ್ ಬಂತು. ಅಗ್ಗದ ಮಲ್ಟಿಮೀಟರ್ ನಂಬಬೇಡಿ, ಅದರ ವೈರಿನ ರೆಸಿಸ್ಟೆನ್ಸೂ ಲೆಕ್ಕಕ್ಕೆ ಸೇರುತ್ತೆ. ಕಾಯಿಲ್ ಅಳೆಯುವ ಓಮ್ ಮೀಟರ್ ಬೇಕೇ ಬೇಕು.

ಜಾಸ್ತಿ ಉಪಯೋಗಕ್ಕೆ ಬಂದದ್ದು ಸೆರಾಮಿಕ್ ತುದಿಯ ಚಿಮುಟ. ಹತ್ತಿ ಹಾಕುವ ಮೊದಲು ಕಡಿಮೆ ವ್ಯಾಟ್‌ನಲ್ಲಿ ಒಂದು ಕ್ಷಣ ಬಟನ್ ಒತ್ತಿ, ಬಿಟ್ಟು, ಸುತ್ತುಗಳನ್ನು ಮೆಲ್ಲಗೆ ಒತ್ತಬೇಕು. ನಾಲ್ಕೈದು ಸಲ ಹಾಗೆ ಮಾಡಿದೆ. ಕಾಯಿಲ್ ನಡುವಿನಿಂದ ಎರಡೂ ಕಡೆಗೆ ಒಂದೇ ಸಮನೆ ಕೆಂಪಾಯಿತು.