ನಾಲ್ಕಾ? ಬೇಡ, ಒಂದೇ ಸಾಕು

ಕಾಸ್ತ್ರೋ ಊರಿನ ಸಂತೆಯಲ್ಲಿ ಅಜ್ಜಿಯೊಬ್ಬರು ‘ನಾಲ್ಕಾ, ನಾಲ್ಕಾ’ ಎಂದು ಕೂಗುತ್ತಿದ್ದರು. ಒಂದು ಕ್ಷಣ ಕನ್ನಡವೇ ಕೇಳಿಸಿದ ಹಾಗಾಯಿತು. ನಾನಿದ್ದದ್ದು ದಕ್ಷಿಣ ಚಿಲಿಯ ಚಿಲೋಯೆ ದ್ವೀಪದಲ್ಲಿ, ಕೆಲಸದ ಮೇಲೆ. ಅಲ್ಲಿ ಅಕ್ಟೋಬರ್ ಅಂದರೆ ವಸಂತ. ಆದರೂ ಸ್ವೆಟರ್ ಬಿಚ್ಚುವ ಹಾಗಿಲ್ಲ, ಮಳೆಯೂ ಬಿಡುವುದಿಲ್ಲ.

ನಾಲ್ಕಾ ಅಂದರೆ ಮೈತುಂಬ ಮುಳ್ಳಿರುವ ದಪ್ಪ ದಂಟು. ಗಿಡ ಜೌಗಿನಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿ ಬೆಳೆಯುತ್ತದೆ. ನೋಡಿದರೆ ರಾಕ್ಷಸ ಕೆಸುವೇ! 1834ರಲ್ಲಿ ಇಲ್ಲಿಗೆ ಬಂದಿದ್ದ ಡಾರ್ವಿನ್ ಅಳೆದ ಒಂದು ಎಲೆ ಹತ್ತಿರ ಹತ್ತಿರ 8 ಅಡಿ ಅಗಲವಿತ್ತಂತೆ.

ಮೊದಲ ಸಲ ಕೆಟ್ಟೆ. ಆಲೂಗಡ್ಡೆ ಹೆರೆಯುವ ಪೀಲರ್‌ನಲ್ಲೇ ಹೆರೆದು ಕಚ್ಚಿದೆ. ನಾಲಿಗೆಗೆ ಮುಳ್ಳಿನ ಚೂರು, ಬಾಯಿತುಂಬ ಒಗರು. ಎಳೆ ಬಾಳೆಕಾಯಿ ಹಸಿಯಾಗಿ ಕಚ್ಚಿದ ಹಾಗೆ. ಮನೆಯೊಡತಿ ನಕ್ಕು ಕೈಯಿಂದ ಕಿತ್ತುಕೊಂಡರು. ದಂಟಿನ ಎರಡೂ ತುದಿ ಕತ್ತರಿಸಿದರು. ಬುಡದ ಕಡೆ ಸಿಪ್ಪೆಯನ್ನು ಚಾಕುವಿಗೂ ಹೆಬ್ಬೆರಳಿಗೂ ನಡುವೆ ಹಿಡಿದು ಸರ್ರನೆ ಎಳೆದರು. ಮುಳ್ಳು, ನಾರು ಎಲ್ಲ ಒಂದೇ ಪಟ್ಟಿಯಾಗಿ ಬಂತು. ಒಳಗೆ ನೀರು ತುಂಬಿದ ತಿಳಿ ಗುಲಾಬಿ ತಿರುಳು. ತುಂಡು ಮಾಡಿ ಉಪ್ಪಿಗೆ ಅದ್ದಿ ಕೊಟ್ಟರು. ಹುಳಿ, ಕೊನೆಗೆ ಸ್ವಲ್ಪ ಒಗರು. ಮಾವಿನಕಾಯಿಗೆ ಉಪ್ಪುಖಾರ ಹಾಕಿ ಬೆಳೆದವರಿಗೆ ಹೊಸದೇನಲ್ಲ, ಅಲ್ವಾ? ಖಾರಕ್ಕೆ ಅಲ್ಲಿನ ಮೆರ್ಕೆನ್ ಸಿಕ್ಕಿತು, ಹೊಗೆಯ ವಾಸನೆಯ ಮೆಣಸಿನಪುಡಿ.

ಆಮೇಲೆ ನಾನೇ ಕೊಯ್ಯಲು ಹೋದೆ. ಉಗುರು ಊರಿದರೆ ನೀರು ಒಸರುವ ಎಳೇ ದಂಟೇ ಬೇಕು. ಬಲಿತದ್ದು ಸುಮ್ನೆ ಹಗ್ಗ ಅಗಿದ ಹಾಗೆ. ಕೈಗವಸು ಮರೆಯಬೇಡಿ, ನಾನು ಮರೆತಿದ್ದೆ.

ಒಂದು ಭಾನುವಾರ ಗೊಜ್ಜೂ ಮಾಡಿದೆ. ಹುಣಸೆಹಣ್ಣು ಬೇಕಾಗಲಿಲ್ಲ. ಬೆಲ್ಲದ ಬದಲು ಚಾಂಕಾಕಾ, ಅದೂ ಕಬ್ಬಿನದೇ, ಅಚ್ಚಿನಲ್ಲೇ ಸಿಗುತ್ತದೆ. ಒಗರು ಪೂರ್ತಿ ಹೋಗಲಿಲ್ಲ, ಆದರೆ ಅನ್ನಕ್ಕೆ ಕಲಸಿಕೊಳ್ಳಲು ಅಡ್ಡಿಯಿಲ್ಲ. ಮನೆಯೊಡತಿ ಒಂದು ಚಮಚ ತಿಂದು, ಉಪ್ಪೇ ಸಾಕಿತ್ತು ಅಂದರು. ನನಗೂ ಹಾಗೇ ಅನ್ನಿಸಿತು.

ಎಲೆಯನ್ನೂ ಅವರು ಬಿಸಾಡುವುದಿಲ್ಲ. ನೆಲದ ಗುಂಡಿಯಲ್ಲಿ ಕಾದ ಕಲ್ಲಿನ ಮೇಲೆ ಚಿಪ್ಪುಮೀನು, ಮಾಂಸ, ಆಲೂಗಡ್ಡೆ ಪೇರಿಸಿ ಈ ಎಲೆ ಮುಚ್ಚುತ್ತಾರೆ. ಅದು ಕುರಾಂತೋ. ನಾನು ಸಸ್ಯಾಹಾರಿ, ಆಲೂಗಡ್ಡೆಯನ್ನಷ್ಟೇ ಹೆಕ್ಕಿಕೊಳ್ಳೋಣ ಅಂದುಕೊಂಡೆ. ಅದಕ್ಕೂ ಮೀನಿನ ವಾಸನೆ ಹತ್ತಿತ್ತು.

ಐರ್ಲೆಂಡಿನಲ್ಲಿರುವ ನಮ್ಮವರು ಈ ನಾಲ್ಕಾ ಗಿಡವನ್ನು ರಸ್ತೆಬದಿ ನೋಡಿರಬಹುದು. ಅಲ್ಲಿ ಇದು ಮಿತಿಮೀರಿ ಹಬ್ಬಿದ ಕಳೆ. 2017ರಿಂದ ಯುರೋಪಿಯನ್ ಒಕ್ಕೂಟದ ನಿಷೇಧಿತ ಪಟ್ಟಿಯಲ್ಲಿದೆ. ಕಿತ್ತು ತಂದು ಹಿತ್ತಲಲ್ಲಿ ನೆಡಲು ಹೋಗಬೇಡಿ.