‘ಸರ’ ಬೇರೆ, ‘ರಸ’ ಬೇರೆ: ಪೈಥಾನ್‌ನಲ್ಲಿ ಹ್ಯಾಷ್ ಫಂಕ್ಷನ್ ಬರೆಯುವ ಬಗೆ

ಸಾವಿರಾರು ಪದಗಳ ಪಟ್ಟಿಯಲ್ಲಿ ಒಂದು ಪದವನ್ನು ಹುಡುಕಲು ಮೊದಲಿನಿಂದ ಓದುತ್ತ ಹೋಗುವ ಬದಲು, ಆ ಪದವನ್ನೇ ಒಂದು ಸಂಖ್ಯೆಯಾಗಿ ಮಾರ್ಪಡಿಸಿ, ಆ ಸಂಖ್ಯೆ ಸೂಚಿಸುವ ಖಾನೆಯನ್ನು ನೇರವಾಗಿ ತೆರೆಯುವ ಉಪಾಯವೇ ಹ್ಯಾಷಿಂಗ್. ಪೈಥಾನ್ ಈ ಕೆಲಸವನ್ನು ತೆರೆಮರೆಯಲ್ಲಿ ತಾನೇ ಮಾಡುತ್ತದೆ. ಆದರೂ ಕಲಿಯುವವರು ಒಮ್ಮೆಯಾದರೂ ಅದನ್ನು ಕೈಯಾರೆ ಬರೆದು ನೋಡಬೇಕು. ಅದಕ್ಕೆ ಡೇನಿಯಲ್ ಜೆ. ಬರ್ನ್‌ಸ್ಟೈನ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತಿರುವ ‘ಡಿಜೆಬಿ2’ ಎಂಬ ಪುಟ್ಟ ವಿಧಾನ ಬಹಳ ಸೂಕ್ತ.

ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆ ಇದ್ದು, ಪೈಥಾನ್‌ನ ‘ಆರ್ಡ್’ ಫಂಕ್ಷನ್ ಅದನ್ನು ತಿಳಿಸುತ್ತದೆ: ‘ಸ’ಕ್ಕೆ 3256, ‘ರ’ಕ್ಕೆ 3248. ಇವೆರಡನ್ನೂ ಸುಮ್ಮನೆ ಕೂಡಿದರೆ ‘ಸರ’ಕ್ಕೂ 6504, ‘ರಸ’ಕ್ಕೂ 6504 ಬರುತ್ತದೆ. ಅಕ್ಷರಗಳ ಕ್ರಮವೂ ಲೆಕ್ಕಕ್ಕೆ ಸೇರಬೇಕಾದರೆ ಕೂಡುವ ಮೊದಲು ಗುಣಿಸಬೇಕು.

ಪೈಥಾನ್ 3ರಲ್ಲಿ ವೇರಿಯಬಲ್‌ಗಳ ಹೆಸರು ಕನ್ನಡದಲ್ಲಿಯೇ ಇರಬಹುದು. ‘ಫಾರ್’, ‘ಆರ್ಡ್’ ಮುಂತಾದ ಪೈಥಾನ್‌ನ ಸ್ವಂತ ಪದಗಳನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡಬೇಕು. ಮೊದಲು ಪದವೊಂದನ್ನು ಸ್ವೀಕರಿಸುವ ಫಂಕ್ಷನ್ ತೆರೆದು, ಅದರೊಳಗೆ ಹೀಗೆ ಬರೆಯಿರಿ:

ಮೊತ್ತ = 5381

ನಂತರ ಪದದ ಒಂದೊಂದೇ ಅಕ್ಷರವನ್ನು ಎತ್ತಿಕೊಳ್ಳುವ ಫಾರ್ ಲೂಪ್ ಹಾಕಿ, ‘ಆರ್ಡ್’ ಕೊಟ್ಟ ಸಂಖ್ಯೆಯನ್ನು ‘ಸಂಕೇತ’ದಲ್ಲಿ ಇಟ್ಟುಕೊಂಡು, ಲೂಪಿನ ಒಳಗೇ ಈ ಸಾಲನ್ನು ಸೇರಿಸಿ:

ಮೊತ್ತ = (ಮೊತ್ತ * 33 + ಸಂಕೇತ) % 4294967296

ಲೂಪ್ ಮುಗಿದ ಮೇಲೆ, ಅದರ ಹೊರಗೆ, ಮೊತ್ತವನ್ನು ಹಿಂತಿರುಗಿಸಿ. ಕೊನೆಯ ದೊಡ್ಡ ಸಂಖ್ಯೆ 2ರ 32ನೇ ಘಾತ. ಪೈಥಾನ್‌ನ ಪೂರ್ಣಾಂಕಗಳು ಎಷ್ಟು ಬೇಕಾದರೂ ಬೆಳೆಯುವುದರಿಂದ ‘%’ ಚಿಹ್ನೆ ಮಾಡುವ ಈ ಶೇಷದ ಲೆಕ್ಕವೇ ಅವಕ್ಕೆ ಕಡಿವಾಣ.

ಈಗ ಕಾಗದದ ಮೇಲೆ ತಾಳೆ ನೋಡೋಣ. 5381ನ್ನು 33ರಿಂದ ಗುಣಿಸಿದರೆ 177573. ಅದಕ್ಕೆ ‘ಸ’ದ 3256 ಸೇರಿ 180829. ಮತ್ತೆ 33ರಿಂದ ಗುಣಿಸಿ ‘ರ’ದ 3248 ಕೂಡಿದರೆ 5970605. ಇದೇ ರೀತಿ ‘ರಸ’ಕ್ಕೆ 5970349 ಬರುತ್ತದೆ. ಪದಗಳು ಬೇರೆಯಾದವು.

ಇನ್ನು ಖಾನೆಗಳ ಸಂಖ್ಯೆಯನ್ನು ನಿರ್ಧರಿಸಬೇಕು; ಮೊತ್ತವನ್ನು ಅದರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪದ ಸೇರುವ ಖಾನೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. 16 ಖಾನೆಗಳನ್ನು ಇಟ್ಟುಕೊಂಡು ಮೇಲಿನ ಎರಡೂ ಸಂಖ್ಯೆಗಳನ್ನು 16ರಿಂದ ಭಾಗಿಸಿದರೆ ಎರಡಕ್ಕೂ ಶೇಷ 13 ಬಂದು, ‘ಸರ’ವೂ ‘ರಸ’ವೂ ಒಂದೇ ಖಾನೆಗೆ ಬೀಳುತ್ತವೆ. ಇದು ಆಕಸ್ಮಿಕವಲ್ಲ: 33ನ್ನು 16ರಿಂದ ಭಾಗಿಸಿದಾಗ ಶೇಷ 1 ಉಳಿಯುವುದರಿಂದ, 33ರಿಂದ ಗುಣಿಸಿದ್ದು 1ರಿಂದ ಗುಣಿಸಿದಂತಾಗಿ, ನಾವು ಬೇಡವೆಂದು ಬಿಟ್ಟ ಬರಿಯ ಕೂಡಿಕೆಯೇ ಹಿಂಬಾಗಿಲಿನಿಂದ ಮರಳಿ ಬಂದಿರುತ್ತದೆ. 19 ಖಾನೆಗಳನ್ನು ಇಟ್ಟರೆ ‘ಸರ’ 7ನೆಯದಕ್ಕೂ ‘ರಸ’ 17ನೆಯದಕ್ಕೂ ಹೋಗುತ್ತವೆ. ಅವಿಭಾಜ್ಯ ಸಂಖ್ಯೆಯನ್ನು ಆರಿಸಿಕೊಳ್ಳಿ ಎಂದು ಹೇಳುವುದರ ಹಿಂದೆ ಇಂಥ ಕಾರಣವಿದೆ. ಹಾಗಿದ್ದೂ ಎಂದಾದರೊಮ್ಮೆ ಎರಡು ಪದಗಳು ಒಂದೇ ಖಾನೆಯಲ್ಲಿ ಸೇರುವುದು ತಪ್ಪದು. ಆದ್ದರಿಂದ ಪ್ರತಿ ಖಾನೆಯಲ್ಲೂ ಒಂದು ಲಿಸ್ಟ್ ಇರಲಿ.

ಈ ಫಂಕ್ಷನ್ನನ್ನು ಪಾಸ್‌ವರ್ಡ್ ಕಾಪಾಡಲು ಖಂಡಿತ ಬಳಸಬಾರದು. ಇದೇ ಸಂಖ್ಯೆ ಕೊಡುವ ಬೇರೆ ಪದವನ್ನು ಹುಡುಕುವುದು ತೀರಾ ಸುಲಭ. ಆ ಕೆಲಸಕ್ಕೆ ಪೈಥಾನ್‌ನ ‘ಹ್ಯಾಷ್‌ಲಿಬ್’ನಲ್ಲಿರುವ ‘ಎಸ್‌ಕ್ರಿಪ್ಟ್’ನಂಥ, ಬೇಕೆಂದೇ ನಿಧಾನವಾಗಿ ನಡೆಯುವಂತೆ ರೂಪಿಸಿದ ವಿಧಾನಗಳಿವೆ.

ಕನ್ನಡ ಪದಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ‘ಕೋಟೆ’ಯ ‘ಕೋ’ ಕೆಲವು ಕಡತಗಳಲ್ಲಿ ‘ಕ’ ಮತ್ತು ಒಂದೇ ಸ್ವರಚಿಹ್ನೆಯಾಗಿ, ಮತ್ತೆ ಕೆಲವದರಲ್ಲಿ ‘ಕ’ ಮತ್ತು ಬಿಡಿಬಿಡಿಯಾದ ಮೂರು ಚಿಹ್ನೆಗಳಾಗಿ ಉಳಿದಿರಬಹುದು. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಂಡರೂ ಹ್ಯಾಷ್ ಬೇರೆ ಬೇರೆ ಬರುತ್ತದೆ, ಪಟ್ಟಿಯಲ್ಲಿರುವ ಪದವೇ ಇಲ್ಲವೆಂಬ ಉತ್ತರ ಸಿಗುತ್ತದೆ. ಆದ್ದರಿಂದ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಜ್’ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ ಎಂಬ, ಬಿಡಿ ಚಿಹ್ನೆಗಳನ್ನು ಒಂದಾಗಿ ಬೆಸೆಯುವ ಸೂಚನೆಯೊಡನೆ ಪದವನ್ನು ಕೊಟ್ಟು, ಅದು ಹಿಂತಿರುಗಿಸಿದ ರೂಪವನ್ನೇ ಬಳಸಬೇಕು. ಈ ಸಾಲು 5381ರ ಸಾಲಿಗಿಂತ ಮೇಲೆ, ಫಂಕ್ಷನ್‌ನ ಆರಂಭದಲ್ಲಿಯೇ ಇರಲಿ.