ನೀಲಿಗೆ ತಿರುಗದ ಟೈಟ್ರೇಶನ್: ನನ್ನ ಅನುಭವ

ನೀರಿನ ಗಡಸುತನ (ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ) ಅಳೆಯಲು, ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ಸೇರಿಸುವ ಟೈಟ್ರೇಶನ್‌ನಲ್ಲಿ ಎರಡು ರೀಡಿಂಗ್‌ಗಳು ಒಂದಕ್ಕೊಂದು ತಾಳೆಯಾಗುತ್ತಲೇ ಇರಲಿಲ್ಲ. ಕೊನೆಯ ಹಂತವನ್ನು ಬಣ್ಣದಿಂದ ತೋರಿಸುವ ಸೂಚಕದ ವೈನ್ ಕೆಂಪು ಬಣ್ಣ ಥಟ್ಟನೆ ನೀಲಿಗೆ ತಿರುಗಬೇಕು. ನನ್ನ ಫ್ಲಾಸ್ಕ್‌ನಲ್ಲಿ ಅದು ನೇರಳೆಗೆ ಬಂದು ಅಲ್ಲೇ ಪಟ್ಟು ಹಿಡಿದು ಕೂರುತ್ತಿತ್ತು. ಹನಿ ಬಿಡುವ ಗಾಜಿನ ಕೊಳವೆ ಬ್ಯೂರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಇರಲಿಲ್ಲ, ದ್ರಾವಣ ಅಳೆದು ಹಾಕುವ ಪಿಪೆಟ್ಟೂ ಸರಿಯಾಗಿತ್ತು.

ಕೊನೆಗೆ ಗಾಜಿನ ಕಡ್ಡಿಯಿಂದ ಒಂದು ಹನಿ ತೆಗೆದು ಪಿಎಚ್ ಕಾಗದಕ್ಕೆ ಮುಟ್ಟಿಸಿದೆ. 10 ಇರಬೇಕಾದದ್ದು 8ರ ಆಸುಪಾಸಿನಲ್ಲಿತ್ತು! ಪಿಎಚ್ ಅನ್ನು ಸ್ಥಿರವಾಗಿಡುವ ಅಮೋನಿಯಾ ಬಫರ್ ದ್ರಾವಣದ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಮೂಗಿಗೆ ಬಡಿಯಬೇಕಾದ ಘಾಟು ಹೆಸರಿಗಷ್ಟೇ ಉಳಿದಿತ್ತು. ಅಮೋನಿಯಾ ಹಾರಿಹೋದಂತೆ ಪಿಎಚ್ ಇಳಿಯುತ್ತದೆ; ಆಗ ಇಡಿಟಿಎ ಲೋಹದ ಅಯಾನುಗಳನ್ನು, ಅದರಲ್ಲೂ ಮೆಗ್ನೀಸಿಯಂ ಅನ್ನು, ಬಿಗಿಯಾಗಿ ಹಿಡಿಯುವುದಿಲ್ಲ. ಹೊಸ ಬಫರ್ ಹಾಕಿದ ಮೇಲೆ ಬಣ್ಣ ಒಂದೇ ಹನಿಗೆ ತಿರುಗಿತು.

ಶುದ್ಧ ಕ್ಯಾಲ್ಸಿಯಂ ದ್ರಾವಣದಲ್ಲಿ ಮಾತ್ರ ಮೊಂಡುತನ ಮುಂದುವರಿಯಿತು. ಅಲ್ಲಿನ ಕಾರಣವೇ ಬೇರೆ: ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಕ್ಯಾಲ್ಸಿಯಂ ಜೊತೆ ಸಡಿಲವಾಗಿ, ಮೆಗ್ನೀಸಿಯಂ ಜೊತೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಸ್ವಲ್ಪ ಮೆಗ್ನೀಸಿಯಂ-ಇಡಿಟಿಎ ಸೇರಿಸಿದರೆ ಕ್ಯಾಲ್ಸಿಯಂ ಅದರಿಂದ ಮೆಗ್ನೀಸಿಯಂ ಅನ್ನು ಹೊರದಬ್ಬುತ್ತದೆ, ಬಿಡುಗಡೆಯಾದ ಮೆಗ್ನೀಸಿಯಂ ಸೂಚಕವನ್ನು ಹಿಡಿಯುತ್ತದೆ, ಹಾಗಾಗಿ ಕೊನೆಯಲ್ಲಿ ಬಣ್ಣ ಥಟ್ಟನೆ ತಿರುಗುತ್ತದೆ. ಮೆಗ್ನೀಸಿಯಂ, ಇಡಿಟಿಎ ಸಮಪ್ರಮಾಣದಲ್ಲಿರುವುದರಿಂದ ಲೆಕ್ಕಕ್ಕೆ ಧಕ್ಕೆಯಿಲ್ಲ. ಸೂಚಕದ ದ್ರಾವಣವೂ ಬೇಗ ಕೆಡುತ್ತದೆ. ಸೋಡಿಯಂ ಕ್ಲೋರೈಡ್ ಜೊತೆ ಅರೆದ ಪುಡಿಯನ್ನೇ ಈಗ ಚಿಟಿಕೆಯಷ್ಟು ಬಳಸುತ್ತೇನೆ.